ಕತ್ತರಿ ಹಿಡಿದ ಚಿತ್ರಕಾರ

ನೀಲಿ ಆಕಾಶ, ಹಳದಿ ನಕ್ಷತ್ರಗಳು. ನಡುವೆ ಕೈಚಾಚಿದ ಕಪ್ಪು ಮನುಷ್ಯಾಕೃತಿ; ಅದರ ಎದೆಯಲ್ಲೊಂದು ಕೆಂಪು ಚುಕ್ಕೆ. ಪೋಸ್ಟರ್ ರೂಪದಲ್ಲಿ ಎಷ್ಟೋ ದೇಶಗಳ ಮನೆಗೋಡೆ ಸೇರಿರುವ ಈ ಚಿತ್ರದ ಹೆಸರು ‘ಇಕಾರಸ್’. ‘ಇದನ್ನು ನಮ್ಮ ಮನೆಯ ಹುಡುಗನೂ ಮಾಡಿಯಾನು’ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಮಾಡಿದಾತ ಎಪ್ಪತ್ತು ದಾಟಿದ ಅಜ್ಜ!

ಆತ ಫ್ರಾನ್ಸಿನ ಹೆನ್ರಿ ಮಾತೀಸ್ (1869–1954). ತಂದೆ ಧಾನ್ಯದ ವ್ಯಾಪಾರಿ. ಮಗ ಕಾನೂನು ಓದಿ ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಇಪ್ಪತ್ತರ ಹರೆಯದಲ್ಲಿ ಕಾಯಿಲೆಯಿಂದ ಹಾಸಿಗೆ ಹಿಡಿದಾಗ, ಬೇಸರ ಕಳೆಯಲೆಂದು ತಾಯಿ ಒಂದು ಬಣ್ಣದ ಪೆಟ್ಟಿಗೆ ತಂದುಕೊಟ್ಟಳು. ಅಷ್ಟೇ, ಮಗನ ಮನಸ್ಸು ಕಾನೂನಿನಿಂದ ದೂರವಾಯಿತು. 1891ರಲ್ಲಿ ಚಿತ್ರಕಲೆ ಕಲಿಯಲು ಪ್ಯಾರಿಸ್ಸಿಗೆ ಹೊರಟ. ತಂದೆಗೆ ಅದು ರುಚಿಸಲಿಲ್ಲ.

ಮುಂದೆ ಮಾತೀಸ್ ಜಗತ್ಪ್ರಸಿದ್ಧನಾದ. 1941ರಲ್ಲಿ ಕ್ಯಾನ್ಸರಿಗಾಗಿ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ಆದರೆ ಬಹುಹೊತ್ತು ನಿಂತು ಚಿತ್ರ ಬರೆಯುವ ಶಕ್ತಿ ಹೋಯಿತು. ಹಾಸಿಗೆ, ಗಾಲಿಕುರ್ಚಿಗಳೇ ಗತಿಯಾದಾಗ ಆತ ಕೈಗೆತ್ತಿಕೊಂಡದ್ದು ಕತ್ತರಿ. ಸಹಾಯಕರು ಬಿಳಿ ಹಾಳೆಗಳಿಗೆ ಗಾಢ ಬಣ್ಣ ಬಳಿದು ಒಣಗಿಸಿ ಕೊಡುವರು. ಮಾತೀಸ್ ಅವುಗಳಿಂದ ಎಲೆ, ಹಕ್ಕಿ, ಕುದುರೆಗಳನ್ನು ಕತ್ತರಿಸುವನು. ಆತ ಹೇಳಿದ ಜಾಗಕ್ಕೆ ಸಹಾಯಕರು ತುಂಡುಗಳನ್ನು ಸೇರಿಸುವರು. ಹಿಡಿಸದಿದ್ದರೆ ಮತ್ತೆ ಸರಿಸುವರು. ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ, 1953ರ ‘ಬಸವನಹುಳು’ ಹೀಗೆ ಹುಟ್ಟಿದ್ದು. ಅದರ ಅಗಲ 9 ಅಡಿಗೂ ಹೆಚ್ಚು!

ಇಂಥ 20 ಚಿತ್ರಗಳ ಪುಸ್ತಕ ‘ಜಾಝ್’ 1947ರಲ್ಲಿ ಹೊರಬಂತು. ‘ಇಕಾರಸ್’ ಅದರಲ್ಲೊಂದು. ಅಚ್ಚಾದದ್ದು 250 ಪ್ರತಿಗಳು. ಒಂದೊಂದು ಬಣ್ಣಕ್ಕೂ ಆಕಾರ ಕೊರೆದ ಹಾಳೆಯಿಟ್ಟು, ಮಾತೀಸ್ ಬಳಸಿದ ಬಣ್ಣವನ್ನೇ ಕೈಯಿಂದ ಬಳಿದು ಮುದ್ರಿಸಲಾಯಿತು. ಆದರೂ ಆತನಿಗೆ ಸಮಾಧಾನವಾಗಲಿಲ್ಲ. ಕಾಗದದ ಮೇಲೆ ಕಾಗದ ಕೂತಾಗಿನ ಜೀವಂತಿಕೆ ಅಚ್ಚಿನಲ್ಲಿ ಮಾಯವಾಗಿತ್ತು. ಅಷ್ಟು ಶ್ರಮದ ಮುದ್ರಣಕ್ಕೇ ಈ ಮಾತಾದರೆ, ಯಂತ್ರದಿಂದ ಹೊರಬೀಳುವ ಪೋಸ್ಟರಿನ ಪಾಡೇನು?

ಬರೀ ಆಟದಂತೆ ಕಾಣುವ ಈ ಚಿತ್ರಗಳು ದೊಡ್ಡವರನ್ನೂ ಪೇಚಿಗೆ ಸಿಕ್ಕಿಸಿವೆ. ದೋಣಿ ಮತ್ತು ನೀರಿನಲ್ಲಿ ಅದರ ಪ್ರತಿಬಿಂಬವಿರುವ ಚಿತ್ರವೊಂದು 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ 47 ದಿನ ತಲೆಕೆಳಗಾಗಿ ತೂಗಿತ್ತು. ಕೊನೆಗೆ ತಪ್ಪನ್ನು ಗುರುತಿಸಿದ್ದು ನೋಡಲು ಬಂದಿದ್ದ ಒಬ್ಬ ಮಹಿಳೆ.

ಮನೆಯ ಗೋಡೆಗೆ ಮಾತೀಸ್‌ನ ಪೋಸ್ಟರ್ ತಂದರೆ ಚೆಂದವೇ. ಜೊತೆಗೆ ನಾಲ್ಕು ಬಣ್ಣದ ಹಾಳೆ, ಗೋಂದು, ಮೊಂಡು ತುದಿಯ ಕತ್ತರಿಯನ್ನೂ ತಂದರೆ ಇನ್ನೂ ಚೆಂದ. ಪೆನ್ಸಿಲ್ ಗೆರೆ ಎಳೆಯದೆ ನೇರವಾಗಿ ಕತ್ತರಿಸುವುದು ಎಷ್ಟು ಕಷ್ಟವೆಂದು ಮಕ್ಕಳಿಗೂ ದೊಡ್ಡವರಿಗೂ ಆಗ ತಿಳಿಯುತ್ತದೆ. ಆ ತಾಯಿ ಬಣ್ಣದ ಪೆಟ್ಟಿಗೆ ಕೊಟ್ಟದ್ದು ಮಗ ದೊಡ್ಡ ಕಲಾವಿದನಾಗಲೆಂದಲ್ಲ, ಅವನ ಹೊತ್ತು ಹೋಗಲೆಂದು. ಪರೀಕ್ಷೆ ಮುಗಿದ ರಜೆಯಲ್ಲಿ ಮಕ್ಕಳಿಗೂ ಅಷ್ಟು ಸಾಕು.