ಸ್ವಿಚ್ ಒತ್ತಿದರೆ ಭಕ್ತಿ ಬರುತ್ತಾ?

ಯಲಹಂಕದಲ್ಲಿ ನಮ್ಮ ಮನೆ ಹತ್ತಿರ ಒಂದು ಸಣ್ಣ ದೇವಸ್ಥಾನ ಇದೆ. ಮಂಗಳಾರತಿ ಹೊತ್ತಿಗೆ ಅರ್ಚಕರು ಗೋಡೆ ಮೇಲಿನ ಸ್ವಿಚ್ ಒತ್ತುತ್ತಾರೆ. ಮೋಟಾರ್ ತಿರುಗುತ್ತೆ, ಕಬ್ಬಿಣದ ಸರಳುಗಳು ನಗಾರಿ, ಜಾಗಟೆ, ಗಂಟೆ ಮೂರನ್ನೂ ಒಟ್ಟಿಗೆ ಬಡಿಯುತ್ತವೆ. ಪಕ್ಕದಲ್ಲಿ ನಿಂತವರ ಮಾತೇ ಕೇಳಿಸಲ್ಲ, ಇನ್ನು ಮಂತ್ರ ಆ ದೇವರಿಗೇ ಕೇಳಿಸಬೇಕು.

ಹೋದ ಕಾರ್ತಿಕದಲ್ಲಿ ಒಂದು ಸಂಜೆ ಆರತಿ ಮಧ್ಯೆ ಕರೆಂಟ್ ಹೋಯ್ತು. ತಟ್ಟೆಯಲ್ಲಿ ಕರ್ಪೂರ ಉರೀತಾನೇ ಇತ್ತು. ಆದ್ರೆ ಅಲ್ಲಿದ್ದವರೆಲ್ಲ, ನಾನೂ ಸೇರಿ, ದೇವರನ್ನ ಬಿಟ್ಟು ಸ್ವಿಚ್ ಬೋರ್ಡ್ ಕಡೆ ತಿರುಗಿದ್ವಿ. ಅವತ್ತು ನಾಚಿಕೆ ಆಯ್ತು.

ಇದನ್ನ ಹೇಳಿದ್ರೆ ಸಮಿತಿಯವರೊಬ್ಬರು, "ಮನಸ್ಸು ಶುದ್ಧವಾಗಿದ್ರೆ ಸಾಕು ಸಾರ್. ಮೆಷಿನ್ ಬಡಿದ್ರೇನು, ಮನುಷ್ಯ ಬಡಿದ್ರೇನು?" ಅಂದ್ರು. ಸರಿ ಸ್ವಾಮಿ, ಮನಸ್ಸೇ ಸಾಕು ಅನ್ನೋದಾದ್ರೆ ಮೆಷಿನ್ ಯಾಕೆ ಬೇಕು? ಆಫ್ ಮಾಡಿ. ಆ ವಾದದಿಂದ ಮೌನಕ್ಕೆ ಸಮರ್ಥನೆ ಸಿಗುತ್ತೆ, ಮೋಟಾರಿಗೆ ಸಿಗಲ್ಲ.

ತಾಳದ ಲೆಕ್ಕ ತಮಗೆ ತಿಳಿಯದು ಅಂತ 12ನೇ ಶತಮಾನದಲ್ಲೇ ಹೇಳಿಕೊಂಡವರು ಬಸವಣ್ಣನವರು. ತಿಳಿಯದು ಅಂತ ಹಾಡೋ ಕೆಲಸವನ್ನ ಇನ್ನೊಬ್ಬರಿಗೆ ಒಪ್ಪಿಸಲಿಲ್ಲ, ಬಂದ ಹಾಗೆ ತಾವೇ ಹಾಡಿದರು. ಇನ್ನೊಂದು ವಚನದಲ್ಲಂತೂ ತಮ್ಮ ದೇಹವನ್ನೇ ವಾದ್ಯ ಮಾಡಿಕೊಂಡು ನುಡಿಸು ಅಂತ ಕೂಡಲಸಂಗಮದೇವನನ್ನ ಕೇಳ್ತಾರೆ. ಪುರಂದರದಾಸರ ಕೈಯಲ್ಲೂ ತಂಬೂರಿ ಇತ್ತು. ವಾದ್ಯದ ಮೇಲೆ ನನಗೆ ಸಿಟ್ಟಿಲ್ಲ. ಅದನ್ನ ಹಿಡಿಯೋ ಕೈ ಎಲ್ಲಿ ಅಂತ ಕೇಳ್ತಿದ್ದೀನಿ.

ನಾನು ಮಧುಗಿರಿ ಕಡೆಯ ಹಳ್ಳಿಯವನು. ನಮ್ಮಲ್ಲಿ ಹರಿಸೇವೆ ಅಂದ್ರೆ ದಾಸಯ್ಯ ಶಂಖ ಊದಿ ಜಾಗಟೆ ಬಾರಿಸಿದ ಮೇಲೇ ಊಟ. ಊರಮ್ಮನ ಜಾತ್ರೆಯಲ್ಲಿ ತಮಟೆಯವರು ಹುಲ್ಲಿನ ಬೆಂಕಿಗೆ ಚರ್ಮ ಕಾಯಿಸಿ ಬಡಿಯೋರು. ಇದನ್ನ ಹೊಗಳುವಾಗ ಒಂದು ಮಾತು ಮುಚ್ಚಿಡಬಾರದು. ಆ ತಮಟೆ ಇಲ್ಲದೆ ಅಮ್ಮ ಗುಡಿಯಿಂದ ಹೊರಡ್ತಿರಲಿಲ್ಲ, ಆದ್ರೆ ಬಡಿದೋನು ಗುಡಿ ಹೊರಗೇ ನಿಲ್ಲಬೇಕಿತ್ತು. ಅವನ ಮಗ ತಮಟೆ ಬಿಟ್ಟು ಬೇರೆ ಕೆಲಸ ಹಿಡಿದ್ರೆ ನನಗೆ ಖುಷಿನೇ. ಆದ್ರೆ ಅವನನ್ನ ಒಳಗೆ ಕರೆದು, ಮರ್ಯಾದೆಯ ಸಂಬಳ ಕೊಟ್ಟು, "ಬಾರಿಸಪ್ಪಾ" ಅನ್ನೋ ದಾರಿ ನಮಗೆ ಹೊಳೀಲೇ ಇಲ್ಲ. ಮೆಷಿನ್ ತಂದ್ವಿ. ಅದರ ಜಾತಿ ಯಾರೂ ಕೇಳಲಿಲ್ಲ, ಗರ್ಭಗುಡಿ ಪಕ್ಕದಲ್ಲೇ ಜಾಗ ಸಿಕ್ತು.

ನನ್ನ ಸಂಬಳ ಬರೋದೇ ಆಟೋಮೇಷನ್‌ನಿಂದ. ದಿನಾ ಅದನ್ನೇ ಮಾಡಿ ಬೇಜಾರಾಗೋ ಕೆಲಸಗಳನ್ನ ಪಟ್ಟಿ ಮಾಡಿ ಯಂತ್ರಕ್ಕೆ ಒಪ್ಪಿಸ್ತೀವಿ. ಹಾಗಾದ್ರೆ ಪೂಜೆಯೂ ಆ ಪಟ್ಟಿಗೆ ಸೇರಿತಾ?

ನನ್ನ ಸಲಹೆ ಇಷ್ಟೇ. ಮೆಷಿನ್ ಮಾರಿ, ಬಂದ ದುಡ್ಡಲ್ಲಿ ನಾಲ್ಕು ಜಾಗಟೆ ತನ್ನಿ. ಆರತಿಗೆ ಬರೋ ಮಕ್ಕಳ ಕೈಗೆ ಕೊಡಿ, ಯಾರ ಮಕ್ಕಳು ಅಂತ ಕೇಳಬೇಡಿ. ತಾಳ ತಪ್ಪುತ್ತೆ, ತಪ್ಪಲಿ. ಅದಕ್ಕೆ ದೇವರು ಮುನಿಸಿಕೊಂಡ ಅಂತ ಯಾರಾದ್ರೂ ಬಂದು ಹೇಳಿದ ದಿನ ಹೊಸ ಮೆಷಿನ್ ತರೋಣ, ಅರ್ಧ ದುಡ್ಡು ನಾನೇ ಕೊಡ್ತೀನಿ.