ಮನುಷ್ಯರು ಮುಟ್ಟಿದರೆ ತಾಯಿ ಬೆಕ್ಕು ಮರಿಗಳನ್ನು ಬಿಟ್ಟುಬಿಡುತ್ತದೆಯೇ?

"ಮರಿ ಮುಟ್ಟಬೇಡಿ, ಮನುಷ್ಯರ ವಾಸನೆ ಬಂದರೆ ತಾಯಿ ಹತ್ತಿರ ಸೇರಿಸುವುದಿಲ್ಲ." ಅಟ್ಟದಲ್ಲೋ, ಸೌದೆ ರಾಶಿಯ ಹಿಂದೆಯೋ, ಸ್ಕೂಟರ್ ಕವರಿನ ಕೆಳಗೋ ಬೆಕ್ಕು ಮರಿ ಹಾಕಿದಾಗ ಮನೆಯ ಹಿರಿಯರಿಂದ ಹಿಡಿದು ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಿನವರೆಗೆ ಎಲ್ಲರೂ ಹೇಳುವ ಮಾತಿದು. ಇದರ ಇನ್ನೊಂದು ರೂಪ ಇನ್ನೂ ಭಯಾನಕ: ಮುಟ್ಟಿದರೆ ತಾಯಿಯೇ ಮರಿಯನ್ನು ತಿಂದುಬಿಡುತ್ತದೆ.

ನಾನು ಪಿಯುಸಿ ಓದುತ್ತಿದ್ದಾಗ ನಮ್ಮ ಮನೆಯ ಹಿಂದಿನ ಸಾಮಾನಿನ ಕೋಣೆಯಲ್ಲಿ ಬೆಕ್ಕೊಂದು ನಾಲ್ಕು ಮರಿ ಹಾಕಿತ್ತು. ಎರಡು ತಾಯಿಯ ಹೊಟ್ಟೆಗೆ ಅಂಟಿಕೊಂಡಿದ್ದವು. ಇನ್ನೆರಡು ಒಂದು ಗೇಣು ದೂರದಲ್ಲಿ ಬರಿಯ ಸಿಮೆಂಟ್ ನೆಲದ ಮೇಲೆ ಬಿದ್ದು ಕೂಗುತ್ತಿದ್ದವು. ಮುಟ್ಟಬಾರದು ಎಂದು ಅಜ್ಜಿ ಹೇಳಿದರು, ನಾವು ಮುಟ್ಟಲಿಲ್ಲ. ಬೆಳಗಾಗುವಷ್ಟರಲ್ಲಿ ಒಂದು ಮರಿ ಸತ್ತಿತ್ತು. ಗಾಬರಿಯಾಗಿ ಇನ್ನೊಂದನ್ನು ಎತ್ತಿಕೊಂಡು, ಅಂಗೈ ಮೇಲೆ ಮಗುವಿನಂತೆ ಅಂಗಾತ ಮಲಗಿಸಿ, ಇಂಕ್ ಫಿಲ್ಲರಿನಿಂದ ಹಸುವಿನ ಹಾಲು ಹಾಕಿದೆವು. ಅದು ಮಧ್ಯಾಹ್ನದವರೆಗೂ ಉಳಿಯಲಿಲ್ಲ. ನಂತರ ಒಬ್ಬ ಪಶುವೈದ್ಯರನ್ನು ಕೇಳಿದಾಗ ತಿಳಿದದ್ದು, ಮೊದಲನೆಯದು ನಾವು ಮುಟ್ಟದೇ ಇದ್ದದ್ದರಿಂದ ಸತ್ತಿರಬಹುದು, ಎರಡನೆಯದು ನಾವು ಕುಡಿಸಿದ ರೀತಿಯಿಂದ.

ನಂಬಿಕೆ ಹುಟ್ಟಿದ್ದು ಹೇಗೆ?

ಈ ನಂಬಿಕೆಯ ಹಿಂದೆ ನಿಜವಾದ ಅವಲೋಕನವೊಂದಿದೆ. ಮರಿಗಳನ್ನು ನಾವು ನೋಡಿ, ಮುಟ್ಟಿ ಬಂದ ಮರುದಿನ ಅವು ಅಲ್ಲಿರುವುದಿಲ್ಲ. ಅವಲೋಕನ ಸರಿ, ಅದಕ್ಕೆ ಕೊಟ್ಟ ಕಾರಣ ತಪ್ಪು. ತಾಯಿ ಮರಿಗಳನ್ನು ಬಿಟ್ಟು ಹೋಗಿಲ್ಲ, ಕತ್ತಿನ ಹಿಂಭಾಗದ ಚರ್ಮ ಕಚ್ಚಿ ಹಿಡಿದು ಬೇರೆಡೆಗೆ ಸಾಗಿಸಿದೆ. ಜನರ ಓಡಾಟ, ನಾಯಿ, ಗಂಡು ಬೆಕ್ಕು, ಗೂಡಿನ ಹೊಲಸು, ಯಾವುದೇ ಕಾರಣಕ್ಕೆ ಜಾಗ ಸುರಕ್ಷಿತವಲ್ಲ ಅನ್ನಿಸಿದರೂ ಅದು ಹಾಗೆ ಮಾಡುತ್ತದೆ. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎಂದು ಹೇಳುವ ನಮ್ಮ ಜನರಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಶ್ರೀವೈಷ್ಣವರ 'ಮಾರ್ಜಾಲ ಕಿಶೋರ ನ್ಯಾಯ' ಕೂಡ ನಿಂತಿರುವುದು ಇದರ ಮೇಲೆಯೇ: ಮರಿ ಏನೂ ಮಾಡುವುದಿಲ್ಲ, ತಾಯಿಯೇ ಹೊತ್ತೊಯ್ಯುತ್ತದೆ.

ವಾಸನೆಯ ಮಾತಿಗೆ ಬಂದರೆ, ಹಾಲೂಡುತ್ತಿರುವ ಎಷ್ಟೋ ಬೆಕ್ಕುಗಳು ಬೇರೆ ಬೆಕ್ಕಿನ ಮರಿಗಳನ್ನೇ ಸೇರಿಸಿಕೊಂಡು ಸಾಕುತ್ತವೆ. ಅನಾಥ ಮರಿಗಳಿಗೆ ಪಶುವೈದ್ಯರು ಮೊದಲು ಹುಡುಕುವುದೂ ಇಂಥ ಸಾಕುತಾಯಿಯನ್ನೇ. ಪೂರ್ತಿ ಬೇರೆ ವಾಸನೆಯ ಮರಿಯನ್ನು ಒಪ್ಪುವ ಪ್ರಾಣಿ, ನಮ್ಮ ಬೆರಳಿನ ವಾಸನೆಗೆ ಸ್ವಂತ ಮರಿಯನ್ನು ತೊರೆಯುತ್ತದೆ ಎನ್ನುವುದಕ್ಕೆ ಆಧಾರವಿಲ್ಲ.

ಇನ್ನೊಂದು ತಿರುವೂ ಇದೆ. ಆರೋಗ್ಯವಾಗಿ ಮಲಗಿರುವ ಮರಿಯನ್ನು ಯಾರೂ ಎತ್ತುವುದಿಲ್ಲ. ನಮ್ಮ ಕೈಗೆ ಬರುವುದು ಆಗಲೇ ಪಕ್ಕಕ್ಕೆ ಸರಿದ, ತಣ್ಣಗಾದ, ಕೂಗುವ ಮರಿ. ಅದು ಸತ್ತರೆ ದೋಷ ಮುಟ್ಟಿದವರ ಮೇಲೆ ಬರುತ್ತದೆ. ತಾಯಿ ಮರಿಯನ್ನು ತಿನ್ನುವುದು ನಿಜವಾಗಿಯೂ ಕೆಲವೊಮ್ಮೆ ನಡೆಯುತ್ತದೆ. ಆದರೆ ಹಾಗೆ ತಿನ್ನುವುದು ಹೆಚ್ಚಾಗಿ ಸತ್ತು ಹುಟ್ಟಿದ ಅಥವಾ ಸತ್ತ ಮರಿಯನ್ನು. ತೀವ್ರ ಒತ್ತಡದಲ್ಲಿರುವ ಬೆಕ್ಕು ಬದುಕಿರುವ ಮರಿಗೂ ಹಾನಿ ಮಾಡಬಹುದು. ಹಾಗಾಗಿ ಗೂಡಿನ ಸುತ್ತ ಮಕ್ಕಳ ಗುಂಪು ಸೇರಿಸಬಾರದು ಎಂಬ ಹಿರಿಯರ ಎಚ್ಚರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ.

ತಾಯಿ ನಿಜಕ್ಕೂ ಕಡೆಗಣಿಸುವುದು ಯಾವಾಗ?

ಚೊಚ್ಚಲ ಬಾಣಂತನದಲ್ಲಿ ಕೆಲವು ಬೆಕ್ಕುಗಳಿಗೆ ಏನು ಮಾಡಬೇಕೆಂದೇ ತೋಚುವುದಿಲ್ಲ. ಹೊಟ್ಟೆಗೆ ಸರಿಯಾಗಿ ಸಿಗದ ಬೀದಿಬೆಕ್ಕಿಗೆ ಹಾಲು ಸಾಲದೇ ಹೋಗಬಹುದು. ಮೊಲೆ ಕೆಂಪಾಗಿ, ಗಟ್ಟಿಯಾಗಿ, ಕೆಚ್ಚಲುಬಾವು ಬಂದಿದ್ದರೆ ನೋವಿನಿಂದ ಮರಿಗಳನ್ನು ದೂರ ತಳ್ಳುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ತಾಯಿ ನಡುಗುತ್ತಿದ್ದರೆ ಅದು ತುರ್ತು ಪರಿಸ್ಥಿತಿ, ಅದೇ ದಿನ ಪಶುವೈದ್ಯರು ನೋಡಬೇಕು. ಮರಿಯಲ್ಲೇ ಹುಟ್ಟಿನ ದೋಷ ಅಥವಾ ಸೋಂಕು ಇದ್ದಾಗಲೂ ತಾಯಿ ಕೈಬಿಡುತ್ತದೆ. ತಣ್ಣಗಾದ ಮರಿಯನ್ನು ಅದು ಅಲಕ್ಷಿಸುವುದೂ ಉಂಟು. ಇಲ್ಲಿ ನಮ್ಮ ಕೆಲಸ ಸುಲಭ, ಬೆಚ್ಚಗೆ ಮಾಡಿ ತಾಯಿಯ ಹೊಟ್ಟೆಯ ಬಳಿ ಇಟ್ಟರೆ ಎಷ್ಟೋ ಸಲ ಮತ್ತೆ ಸೇರಿಸಿಕೊಳ್ಳುತ್ತದೆ.

ಆದರೆ ತಾಯಿ ಕಣ್ಣಿಗೆ ಬೀಳುತ್ತಿಲ್ಲ ಎಂದ ಮಾತ್ರಕ್ಕೆ ಬಿಟ್ಟುಹೋಗಿದೆ ಎಂದಲ್ಲ. ಊಟ ಹುಡುಕಲು ಅದು ಗಂಟೆಗಟ್ಟಲೆ ಹೊರಗಿರುತ್ತದೆ, ನಾವು ಪಕ್ಕದಲ್ಲೇ ನಿಂತಿದ್ದರೆ ಹಿಂತಿರುಗುವುದೂ ಇಲ್ಲ. ಮರಿಗಳನ್ನು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಹೊಟ್ಟೆ ದುಂಡಗಿದ್ದು, ಮೈ ಶುಭ್ರವಾಗಿದ್ದು, ಒಂದರ ಮೇಲೊಂದು ಬಿದ್ದು ಮಲಗಿದ್ದರೆ ತಾಯಿ ಇದೆ ಎಂದೇ ಅರ್ಥ. ದೂರದಿಂದ ಕೆಲವು ಗಂಟೆ ಕಾದು ನೋಡಿ. ಅನುಮಾನವಿದ್ದರೆ ಗೂಡಿಗೆ ಬರುವ ದಾರಿಯಲ್ಲಿ ಒಣ ಮಣ್ಣಿನ ಪುಡಿ ತೆಳ್ಳಗೆ ಉದುರಿಸಿಟ್ಟರೆ ಹೆಜ್ಜೆ ಮೂಡುತ್ತದೆ. ಇದಕ್ಕೆ ಹಿಟ್ಟು ಬಳಸಿ ಎನ್ನುವ ಸಲಹೆ ಇಂಟರ್‌ನೆಟ್ಟಿನಲ್ಲಿದೆ, ನಮ್ಮೂರಿನಲ್ಲಿ ಅದು ಇರುವೆಗಳಿಗೆ ಆಹ್ವಾನ. ಕಣ್ಣು ಬಿಡದ ಮರಿಗೆ ಇರುವೆ ಪ್ರಾಣಾಪಾಯ.

ಮರಿಗಳು ಚದುರಿ ಬಿದ್ದು ಕೂಗುತ್ತಿದ್ದರೆ, ಮುಟ್ಟಿದಾಗ ತಣ್ಣಗಿದ್ದರೆ, ಅಥವಾ ಕೂಗುವುದನ್ನೂ ನಿಲ್ಲಿಸಿ ಸುಮ್ಮನಾಗಿದ್ದರೆ ಕಾಯಬಾರದು. ತಾಯಿಯಿಂದ ತಪ್ಪಿಸಿ ಎತ್ತುವಾಗ ಅದು ಕಚ್ಚಿದರೆ ಅಥವಾ ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ.

ಮೊದಲು ಶಾಖ, ಆಮೇಲೆ ಹಾಲು

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ಹುಟ್ಟಿದಾಗ ಬೆಕ್ಕಿನ ಮರಿ ಸುಮಾರು 100 ಗ್ರಾಂ ಇರುತ್ತದೆ, ಒಂದು ಸ್ನಾನದ ಸೋಪಿನಷ್ಟು. ತನ್ನ ಮೈಯನ್ನು ತಾನೇ ಬಿಸಿಯಾಗಿಟ್ಟುಕೊಳ್ಳುವ ಶಕ್ತಿ ಅದಕ್ಕೆ ಮೊದಲ ಮೂರ್ನಾಲ್ಕು ವಾರ ಸರಿಯಾಗಿ ಇರುವುದಿಲ್ಲ. ಮೈ ತಣ್ಣಗಾದಾಗ ಕರುಳಿನ ಚಲನೆ ನಿಧಾನವಾಗುತ್ತದೆ, ಕುಡಿಸಿದ ಹಾಲು ಜೀರ್ಣವಾಗದೆ ಒಳಗೇ ನಿಂತು ಹಾಳಾಗುತ್ತದೆ. ಮರಿ ಕೂಗಿದ ತಕ್ಷಣ ಹಸಿದಿದೆ ಎಂದು ಹಾಲಿಗೆ ಓಡುವುದು ನಮ್ಮ ಸಹಜ ಪ್ರವೃತ್ತಿ, ಅಲ್ಲೇ ನಾವು ಎಡವುವುದು.

ರಟ್ಟಿನ ಡಬ್ಬದಲ್ಲಿ ಹಳೆಯ ಕಾಟನ್ ಸೀರೆ ಹಾಸಿ, ಬಿಸಿನೀರಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಡಬ್ಬದ ಒಂದು ಬದಿಗೆ ಮಾತ್ರ ಇಡಿ. ಇನ್ನೊಂದು ಬದಿ ಖಾಲಿ ಇದ್ದರೆ ಸೆಕೆಯಾದಾಗ ಮರಿ ತೆವಳಿ ಸರಿಯಲು ಜಾಗವಿರುತ್ತದೆ. ನೀರು ತಣ್ಣಗಾದ ಬಾಟಲಿ ಮರಿಯ ಶಾಖವನ್ನೇ ಹೀರುತ್ತದೆ, ಆಗಾಗ ಬದಲಿಸುತ್ತಿರಿ. ಒಂದೇ ಸಲ ಬಿಸಿ ಮಾಡದೆ ನಿಧಾನವಾಗಿ ಬೆಚ್ಚಗಾಗಲು ಬಿಡಿ. ಎಷ್ಟೇ ಗಲೀಜಾಗಿದ್ದರೂ ಸ್ನಾನ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ ಕೂಡಲೇ ಒಣಗಿಸಿ.

ಹಾಲಿನ ವಿಷಯಕ್ಕೆ ಬಂದರೆ, ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಹಸುವಿನ ಹಾಲಿಗಿಂತ ಸುಮಾರು ಎರಡು ಪಟ್ಟು ಇರುತ್ತದೆ. ಹಸುವಿನ ಹಾಲಿನಲ್ಲಿ ಲ್ಯಾಕ್ಟೋಸ್ ಹೆಚ್ಚು, ಮರಿಗೆ ಭೇದಿ ಶುರುವಾಗುತ್ತದೆ. 100 ಗ್ರಾಂ ದೇಹಕ್ಕೆ ಭೇದಿ ಎಂದರೆ ಸಣ್ಣ ಮಾತಲ್ಲ. "ಜೀರ್ಣವಾಗಲಿ" ಎಂದು ಹಾಲಿಗೆ ನೀರು ಬೆರೆಸಿದರೆ ಮೊದಲೇ ಕಡಿಮೆಯಿರುವ ಪೋಷಕಾಂಶ ಇನ್ನೂ ಕಡಿಮೆಯಾಗುತ್ತದೆ. ಮೇಕೆ ಹಾಲು ಪರಿಹಾರ ಎನ್ನುವವರಿದ್ದಾರೆ, ಅದರಲ್ಲೂ ಲ್ಯಾಕ್ಟೋಸ್ ಇದೆ, ಪ್ರೋಟೀನ್ ಹೆಚ್ಚೇನೂ ಇಲ್ಲ. ಬೆಕ್ಕಿನ ಮರಿಗಳಿಗೆಂದೇ ತಯಾರಾಗುವ ಹಾಲಿನ ಪುಡಿ ಸಾಕುಪ್ರಾಣಿ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ, ಆದರೆ ಅಗ್ಗವಲ್ಲ. ಅದು ಕೈಗೆ ಸಿಗುವವರೆಗೆ ಏನು ಕೊಡಬೇಕೆಂದು ಪಶುವೈದ್ಯರಿಗೆ ಫೋನ್ ಮಾಡಿ ಕೇಳುವುದೇ ಸರಿ.

ಕುಡಿಸುವಾಗ ಮರಿ ತಾಯಿಯ ಬಳಿ ಮಲಗಿದಂತೆಯೇ ಹೊಟ್ಟೆ ಕೆಳಗಾಗಿ, ತಲೆ ಸ್ವಲ್ಪ ಮೇಲಾಗಿ ಇರಬೇಕು. ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ನಾವು ಮಾಡಿದ್ದು ಇದನ್ನೇ. ಸಿರಿಂಜನ್ನು ಒತ್ತಿ ಸುರಿಯಬೇಡಿ, ಮರಿ ತಾನಾಗಿ ಚೀಪಿದಷ್ಟೇ ಹೋಗಲಿ. ಮೂಗಿನಲ್ಲಿ ಹಾಲು ಬಂದರೆ ತಕ್ಷಣ ನಿಲ್ಲಿಸಿ. 100 ಗ್ರಾಂ ತೂಕಕ್ಕೆ ಒಂದು ಸಲಕ್ಕೆ ಸುಮಾರು 4 ಮಿಲಿಲೀಟರ್ ಸಾಕು. ಮೊದಲ ವಾರ ರಾತ್ರಿಯೂ ಸೇರಿ ಎರಡು-ಮೂರು ಗಂಟೆಗೊಮ್ಮೆ ಕೊಡಬೇಕು. ಕೆಲಸಕ್ಕೆ ಹೋಗುವವರು ಒಬ್ಬರೇ ಇದನ್ನು ನಿಭಾಯಿಸುವುದು ಕಷ್ಟ, ಪಾಳಿ ಹಂಚಿಕೊಳ್ಳಲು ಜನ ಬೇಕು.

ಪ್ರತಿ ಸಲ ಹಾಲು ಕೊಟ್ಟ ಮೇಲೆ ಇನ್ನೊಂದು ಕೆಲಸವಿದೆ, ಬಹಳಷ್ಟು ಜನರಿಗೆ ಇದು ಗೊತ್ತೇ ಇರುವುದಿಲ್ಲ. ಎಳೆಯ ಮರಿ ತಾನಾಗಿ ಉಚ್ಚೆ, ಕಕ್ಕ ಮಾಡುವುದಿಲ್ಲ. ತಾಯಿ ನೆಕ್ಕಿ ಮಾಡಿಸುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಹಿಂಭಾಗವನ್ನು ಮೆಲ್ಲಗೆ ಒರೆಸುತ್ತಾ ನಾವೂ ಅದನ್ನೇ ಮಾಡಬೇಕು. ಮೂರು ವಾರ ದಾಟಿದ ಮೇಲೆ ಅವು ತಾವೇ ಕಲಿಯುತ್ತವೆ.

ಮನೆಯಲ್ಲಿ ಕಾಣದ ಅಪಾಯಗಳೂ ಇವೆ. ಫಿನೈಲ್ ಹಾಕಿ ಒರೆಸಿದ ನೆಲ, ಬಟ್ಟೆಯ ಮಧ್ಯದ ನುಸಿಗುಳಿಗೆ, ಚಿಗಟಕ್ಕೆಂದು ಉದುರಿಸುವ ನಾಯಿಯ ಪುಡಿ, ಎಲ್ಲವೂ ಬೆಕ್ಕಿಗೆ ವಿಷ. ಫೀನಾಲ್‌ನಂಥ ರಾಸಾಯನಿಕಗಳನ್ನು ಮನುಷ್ಯರು, ನಾಯಿಗಳು ಒಡೆಯುವ ವೇಗದಲ್ಲಿ ಬೆಕ್ಕಿನ ಯಕೃತ್ತು ಒಡೆಯಲಾರದು. ನಾಯಿಗಳ ಹಲವು ಔಷಧಿಗಳಲ್ಲಿರುವ ಪರ್ಮೆಥ್ರಿನ್ ಅಂತೂ ದೊಡ್ಡ ಬೆಕ್ಕನ್ನೂ ಕೊಲ್ಲಬಲ್ಲದು.

ಆರೈಕೆ ಸರಿಯಾಗಿ ಸಾಗುತ್ತಿದೆಯೇ ಎಂದು ತಿಳಿಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು, ಎರಡು ವಾರಕ್ಕೆ ಹುಟ್ಟಿದ ತೂಕದ ಎರಡರಷ್ಟಾಗಬೇಕು. ಒಂದು ದಿನ ತೂಕ ಇಳಿದರೂ ಪಶುವೈದ್ಯರಿಗೆ ತೋರಿಸಿ. ಅಷ್ಟರಲ್ಲಿ ಕಣ್ಣು ಬಿಟ್ಟಿರುತ್ತದೆ. ನಾಲ್ಕನೇ ವಾರಕ್ಕೆ ಮೆತ್ತಗಿನ ಆಹಾರ, ಆರರಿಂದ ಎಂಟನೇ ವಾರಕ್ಕೆ ಮೊದಲ ಲಸಿಕೆ.

ಇಷ್ಟೆಲ್ಲ ಮಾಡಿದರೂ ಕೆಲವು ಮರಿಗಳು ಉಳಿಯುವುದಿಲ್ಲ. ಹುಟ್ಟಿದ ಮೊದಲ ದಿನದ ಗಿಣ್ಣುಹಾಲಿನಿಂದ ಬರುವ ರೋಗನಿರೋಧಕ ಶಕ್ತಿಯನ್ನು ಯಾವ ಹಾಲಿನ ಪುಡಿಯೂ ಕೊಡಲಾರದು. ಹುಟ್ಟಿ ಒಂದು ದಿನ ಕಳೆದರೆ ಅದನ್ನು ಹೀರಿಕೊಳ್ಳುವ ಸಾಮರ್ಥ್ಯವೂ ಕರುಳಿಗೆ ಉಳಿಯುವುದಿಲ್ಲ. ಹಾಗಾಗಿ ತಾಯಿ ಸ್ವಲ್ಪವಾದರೂ ಸಹಿಸುತ್ತದೆ ಎಂದರೆ, ಮರಿಯನ್ನು ಕೈಯಲ್ಲಿ ಎತ್ತಿ ಅದರ ಮೊಲೆಗೆ ಹಚ್ಚುವುದೇ ಆ ಮೊದಲ ದಿನ ನಾವು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ.