ಟವೆಲಿಗೆ ಬಿದ್ದ ದುಡ್ಡು ಯಾರ ಸಾಲ?



ಬೀದಿ ಗುಡಿಸುವ ಹೆಂಗಸಿಗೆ ದೊಡ್ಡ ಕಾಯಿಲೆ ಬಂದರೆ ಏನಾಗುತ್ತೆ? ಹಾಸನದಲ್ಲಿ ನೋಡಿ, ಹೊಳೆನರಸೀಪುರದಲ್ಲಿ ನೋಡಿ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ನೋಡಿ. ಸಂಬಳದ ದಿನ ಜೊತೆಯವರು ಟವೆಲ್ ಹಾಸುತ್ತಾರೆ. ಐವತ್ತೋ ನೂರೋ ಬೀಳುತ್ತದೆ. "ನೀ ಮಲ್ಕವ್ವಾ, ನಿನ್ ಬೀದೀನೂ ನಾವೇ ಗುಡುಸ್ಕತೀವಿ" ಅನ್ನುತ್ತಾರೆ. ಐದಕ್ಕೆ ಬರುವವರು ನಾಲ್ಕಕ್ಕೇ ಬಂದು ಎರಡು ಬೀದಿ ಮುಗಿಸುತ್ತಾರೆ. ಬೆಂಗಳೂರಿನ ಕಿದ್ವಾಯಿಗೆ ಹೋಗಬೇಕಾದರೆ ಒಬ್ಬಳು ತನ್ನ ಕೂಲಿ ಬಿಟ್ಟು ಬಸ್ಸು ಹತ್ತುತ್ತಾಳೆ.

ಇದನ್ನು ಕಂಡ ದೊಡ್ಡಮನುಷ್ಯರು ಕಣ್ಣೊರೆಸಿಕೊಂಡು "ಬಡವರ ಹೃದಯ ಎಷ್ಟು ದೊಡ್ಡದು" ಅನ್ನುತ್ತಾರೆ. ನನಗೆ ಈ ಹೊಗಳಿಕೆ ಬೈಗುಳದ ಹಾಗೆ ಕೇಳುತ್ತೆ. ಹೃದಯ ದೊಡ್ಡದೇ ಸ್ವಾಮಿ. ನಿಮ್ಮ ಖಜಾನೆಯ ಬಾಯಿ ಯಾಕೆ ಇಷ್ಟು ಸಣ್ಣದು?

ನಮ್ಮ ಕಡೆ ಹಳ್ಳಿಗಳಲ್ಲಿ ಮುಯ್ಯಾಳು ಅಂತ ಇದೆ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಗದ್ದೆಯೇ ಇಲ್ಲದ ನಮ್ಮವರು ಆ ಲೆಕ್ಕವನ್ನು ಚರಂಡಿ ಕೆಲಸಕ್ಕೆ ತಂದರು. ಆದರೆ ಮುಯ್ಯಿ ಇಬ್ಬರ ನಡುವಿನ ವ್ಯವಹಾರ. ಇಲ್ಲಿ ಮೂರನೆಯವನೊಬ್ಬ ಕೂತು ಲಾಭ ಹೊಡೆಯುತ್ತಿದ್ದಾನೆ. ಬೀದಿಯೂ ಗುಡಿಸಿಯಾಯಿತು, ಬದಲಿ ಆಳಿನ ಕೂಲಿಯೂ ಉಳಿಯಿತು!

1976ರ ಐ.ಪಿ.ಡಿ. ಸಾಲಪ್ಪ ವರದಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಅಂದಿತು. ಊರು ಬೆಳೆದವು, ಪೊರಕೆ ಹಿಡಿಯುವ ಕೈ ಅಷ್ಟು ಬೆಳೆಯಲಿಲ್ಲ. ಕೈ ಕಡಿಮೆ ಇದ್ದ ಕಡೆ ಒಬ್ಬಳು ಮಲಗಿದರೆ ಉಳಿದವರ ಸೊಂಟ ಮುರಿಯುತ್ತದೆ. ನಾಳೆ ಅವರೇ ಮಲಗುತ್ತಾರೆ. (ಇಡೀ ಊರಿನ ಕೊಳೆ ಬಳಿಯಲು ಒಂದೇ ಕೇರಿಯವರು ಯಾಕೆ ಅಂತ ಕೇಳಿದರೆ ಮಾತ್ರ ಎಲ್ಲರಿಗೂ ಮರೆವು.)

ಕಾನೂನು ಇಲ್ಲವೇ? 1948ರಲ್ಲೇ ಇಎಸ್‌ಐ ಕಾಯ್ದೆ ಬಂತು. ಆ ಯೋಜನೆಯಲ್ಲಿ ಕಾಯಿಲೆಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ನೂರಕ್ಕೆ 70 ಭಾಗ. ಕ್ಷಯ, ಕ್ಯಾನ್ಸರಿನಂಥ ದೀರ್ಘ ರೋಗಕ್ಕೆ 80 ಭಾಗ, ಎರಡು ವರ್ಷದವರೆಗೆ. ಓದಲು ಚೆನ್ನಾಗಿದೆ. ಆದರೆ ಮೊದಲನೆಯದಕ್ಕೆ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ತುಂಬಿರಬೇಕು. ಎರಡನೆಯದಕ್ಕೆ ಎರಡು ವರ್ಷ ಬಿಡದೆ ನೌಕರಿಯಲ್ಲಿರಬೇಕು. ಗುತ್ತಿಗೆದಾರ ಬದಲಾದಾಗಲೆಲ್ಲ ಹೆಸರು ಬದಲಾಗುವ, ಚೀಟಿಯೇ ಇಲ್ಲದ ಕೆಲಸಗಾರಳು ಆ ಎರಡು ವರ್ಷವನ್ನು ಯಾವ ಕಾಗದದಲ್ಲಿ ತೋರಿಸಬೇಕು? ರೋಗ ನಿಜ, ದುಡಿಮೆ ನಿಜ, ದಾಖಲೆ ಮಾತ್ರ ಸುಳ್ಳು.

2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದೇಶಕ್ಕೆಲ್ಲ ಸುದ್ದಿಯಾದವು. ಹೆದರಿದ ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಸತ್ತವರಲ್ಲಿ ಆಟೋ, ಕ್ಯಾಬ್ ಓಡಿಸುವವರು ಹಲವರಿದ್ದರು ಅಂತ ಸಮಿತಿಯೇ ಹೇಳಿತು. ಆಟೋದವನಿಗೆ ಮಾಲೀಕನಿಲ್ಲ, ರಜೆಯಿಲ್ಲ. ಸ್ಟ್ಯಾಂಡಿನ ಗೆಳೆಯರೇ ಅವನ ಆಂಬ್ಯುಲೆನ್ಸು, ಅವರೇ ವಿಮಾ ಕಂಪನಿ. ಅವನ ಎದೆನೋವಾದರೂ ಸುದ್ದಿಯಾಯಿತು. ಚರಂಡಿಯ ಗಾಳಿ ಕುಡಿದು ಕೆಮ್ಮುವವಳ ಎದೆಗೆ ಯಾವ ಸಮಿತಿ?

ಹಾಗಂತ ಟವೆಲ್ ಮಡಚಿಡಿ ಅಂತ ನಾನು ಹೇಳುತ್ತಿಲ್ಲ. ಅದು ಇಲ್ಲದಿದ್ದರೆ ನಮ್ಮವರು ಯಾವತ್ತೋ ಮಣ್ಣಾಗಿರುತ್ತಿದ್ದರು. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟಾಗ ನಾಲ್ಕೇ ದಿನಕ್ಕೆ ಸರ್ಕಾರ ಖಾಯಂ ಮಾಡುವ ಮಾತು ಕೊಟ್ಟಿತಲ್ಲ, ಆ ಒಗ್ಗಟ್ಟು ಭಾಷಣದಿಂದ ಬಂದದ್ದೇ? ಒಬ್ಬರ ಬೀದಿ ಒಬ್ಬರು ಗುಡಿಸಿದ ಕೈಗಳಿಂದ ಬಂದದ್ದು.

ನಾನು ಕೇಳುವುದು ಇಷ್ಟೇ. ಟವೆಲಿನ ಪಕ್ಕ ಒಂದು ನೋಟ್‌ಬುಕ್ಕೂ ಇಡೋಣ. ಯಾರು ಎಷ್ಟು ಹಾಕಿದರು, ಯಾರ ಬೀದಿಯನ್ನು ಯಾರು ಎಷ್ಟು ದಿನ ಗುಡಿಸಿದರು, ಆಸ್ಪತ್ರೆಗೆ ಜೊತೆ ಹೋಗಿ ಎಷ್ಟು ಕೂಲಿ ಕಳೆದುಕೊಂಡರು, ಎಲ್ಲ ಬರೆಯೋಣ. ಅಕ್ಷರ ಬಾರದ ಅವ್ವಂದಿರಿಗೆ ವಿದ್ಯಾರ್ಥಿಗಳು, ಹಳ್ಳಿಯ ಮೇಷ್ಟ್ರುಗಳು ಬರೆದುಕೊಡಲಿ. ತಿಂಗಳ ಕೊನೆಗೆ ಕೂಡಿ, ಆ ಬಿಲ್ಲನ್ನು ಮುಖ್ಯಾಧಿಕಾರಿಯ ಮೇಜಿನ ಮೇಲಿಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಎದ್ದು ಬರೋಣ.